ಓವನ್ ಇಲ್ಲದೆ ಮೆತ್ತನೆಯ ಗ್ರಾನೋಲಾ ಬಾರ್: ಜೋನಿ ಬೆಲ್ಲದಲ್ಲಿ ಹದ ಸಿಕ್ಕಿತು

ಗ್ರಾನೋಲಾ ಬಾರ್ ಅಂದರೆ ಓಟ್ಸ್, ಬೀಜಗಳನ್ನು ಸಿಹಿ ಅಂಟಿನಲ್ಲಿ ಕಲಸಿ, ಒತ್ತಿ, ಉದ್ದಕ್ಕೆ ಕತ್ತರಿಸಿದ ತಿಂಡಿ. ನಮ್ಮ ಮನೆಯಲ್ಲಿ ಓವನ್ ಇಲ್ಲ. ಬೇಕಾಗಿದ್ದದ್ದು ಇಷ್ಟೇ: ಬಾರ್ ಕಚ್ಚಿದರೆ ಹಲ್ಲಿಗೆ ಕಷ್ಟ ಆಗಬಾರದು, ಕೈಯಲ್ಲಿ ಹಿಡಿದರೆ ಉದುರಬಾರದು, ಫ್ರಿಜ್‌ನಿಂದ ಹೊರಗಿಟ್ಟರೆ ಜೋತು ಬೀಳಬಾರದು. ಅಮ್ಮನಿಗೆ ಚಿಕ್ಕಿ ತುಂಬಾ ಇಷ್ಟ. ಆದರೆ ಹಲ್ಲಿನ ಸೆಟ್ ಹಾಕಿಸಿಕೊಂಡ ಮೇಲೆ ಚಿಕ್ಕಿ ಕಡಿಯುವ ಹಾಗಿಲ್ಲ. ಮಗಳಿಗೆ ಶಾಲೆಯ ಸಣ್ಣ ಬಿಡುವಿನಲ್ಲಿ ಬೇಗ ತಿಂದು ಮುಗಿಸುವ ತಿಂಡಿ ಬೇಕು. ಅಂಗಡಿಯ ಬಾರ್ ಒಂದಕ್ಕೆ 40–50 ರೂಪಾಯಿ ಇದೆ, ಅದರಲ್ಲೂ ನಿಜವಾಗಿ ಮೆತ್ತಗಿರುವುದು ಸಿಗುವುದು ಕಷ್ಟ.

ನೋಡಿದ ಅಳತೆಗಳೆಲ್ಲ ಬ್ರೌನ್ ಶುಗರ್, ಕಾರ್ನ್ ಸಿರಪ್ ಲೆಕ್ಕದಲ್ಲಿದ್ದವು. ಅವನ್ನು ಬಿಟ್ಟು ಶಿವಮೊಗ್ಗದಲ್ಲಿ ಸುಲಭವಾಗಿ ಸಿಗುವ ಸಾಮಾನಿನಲ್ಲೇ ಮಾಡಬೇಕು ಅಂತ ಹೊರಟೆ. ಈಗ ಜೋನಿ ಬೆಲ್ಲದಲ್ಲಿ, ಅಂದರೆ ಅಚ್ಚಾಗದೆ ಹರಿಯುವ ಬೆಲ್ಲದಲ್ಲಿ, ಹದ ಕೈಗೆ ಬಂದಿದೆ. ಕೆಟ್ಟದ್ದು ಯಾವುದು, ಯಾಕೆ ಕೆಟ್ಟಿತು ಅನ್ನುವುದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಉಪಯೋಗಕ್ಕೆ ಬರುವುದು ಅದೇ.

ಸಲಕರಣೆ

ದಪ್ಪ ತಳದ ಅಗಲ ಬಾಣಲೆ ಒಂದು, ಹುರಿಯಲು ಕಬ್ಬಿಣದ ಬಾಣಲೆ ಒಂದು. ಸಟ್ಟುಗ, ಜರಡಿ, ಮಿಕ್ಸಿಯ ಚಟ್ನಿ ಜಾರ್. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. 20 ಸೆಂಟಿಮೀಟರ್ ಚೌಕದ ಕೇಕ್ ಟ್ರೇ, ಬಟರ್ ಪೇಪರ್. ಒತ್ತಲು ಚಪ್ಪಟೆ ತಳದ ಸ್ಟೀಲ್ ಡಬ್ಬಿ. ಪಾಕಕ್ಕೆ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಬಟ್ಟಲು ತಣ್ಣೀರು ಸಾಕು, ನಮ್ಮ ಅಜ್ಜಿಯರು ಮಾಡಿದ್ದು ಹಾಗೇ ಅಲ್ವಾ.

ಇಷ್ಟರಲ್ಲಿ ಬಿಡಬಾರದ್ದು ತಕ್ಕಡಿ. ಓಟ್ಸ್ ಒಂದು ಲೋಟ ಅಂದರೆ ಒತ್ತಿ ತುಂಬಿದ್ದು ಬೇರೆ, ಸಡಿಲವಾಗಿ ಸುರಿದದ್ದು ಬೇರೆ. ಮಂಡಕ್ಕಿಯಲ್ಲಂತೂ ಲೋಟದ ಲೆಕ್ಕ ಹಿಡಿಯುವುದೇ ಇಲ್ಲ. ಇಲ್ಲಿ 20 ಗ್ರಾಂ ಹೆಚ್ಚುಕಮ್ಮಿಯಾದರೂ ಬಾರ್ ಉದುರುತ್ತದೆ, ಇಲ್ಲವೇ ಅಂಟಂಟಾಗುತ್ತದೆ.

ಹಂತ 1: ಅಚ್ಚು ಬೆಲ್ಲದ ಪಾಕ

ಮೊದಲು ಹಿಡಿದದ್ದು ಗೊತ್ತಿರುವ ದಾರಿಯನ್ನೇ. ಅಚ್ಚು ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಗಿಟ್ಟು ಉಂಡೆ ಪಾಕ ತೆಗೆದದ್ದಾಯಿತು. ತಣ್ಣೀರಿಗೆ ಹಾಕಿದರೆ ಗಟ್ಟಿ ಉಂಡೆ ಬರುತ್ತಿತ್ತು. ಹುರಿದ ಓಟ್ಸ್, ಮಂಡಕ್ಕಿ, ಶೇಂಗಾ ಸೇರಿಸಿ ಟ್ರೇಗೆ ಒತ್ತಿದೆ. ಬಿಸಿ ಇದ್ದಾಗ ಚೆನ್ನಾಗಿ ಬಗ್ಗುತ್ತಿತ್ತು. ಸಂಜೆ ಹೊತ್ತಿಗೆ ಕಲ್ಲು. ಚಾಕು ಇಳಿಯಲಿಲ್ಲ, ಲಟ್ಟಣಿಗೆಯಲ್ಲಿ ಒಡೆಯಬೇಕಾಯಿತು. ರುಚಿ ಚೆನ್ನಾಗಿಯೇ ಇತ್ತು, ಆದರೆ ಅದು ಚಿಕ್ಕಿಯ ನೆಂಟ.

ಪಾಕ ಸ್ವಲ್ಪ ಮೊದಲೇ ಇಳಿಸಿದರೆ ಆಗಬಹುದು ಅಂತ ಎಳೆ ಪಾಕದಲ್ಲೇ ಇಳಿಸಿ ನೋಡಿದೆ. ಆಗ ಇನ್ನೊಂದು ತೊಂದರೆ. ಮೊದಲ ದಿನ ಮೆತ್ತಗಿತ್ತು. ಮಾರನೇ ದಿನ ಬೆಲ್ಲ ಸಣ್ಣ ರವೆಯಾಗಿ ಹರಳುಗಟ್ಟಿ, ಬಾರ್ ಒಣಗಿ, ಮುಟ್ಟಿದರೆ ಉದುರತೊಡಗಿತು. ಪಾಕಕ್ಕೆ ನಾಲ್ಕು ಹನಿ ನಿಂಬೆ ರಸ ಹಿಂಡಿದರೆ ಹರಳುಗಟ್ಟುವುದು ಕಡಿಮೆಯಾಗುತ್ತದೆ, ನಿಜ. ಹಾಗೆ ಮಾಡಿದಾಗ ಒಂದು ದಿನ ಜಾಸ್ತಿ ಉಳಿಯಿತು, ಅಷ್ಟೇ.

ಒಡೆದ ಚೂರು ವ್ಯರ್ಥವಾಗಲಿಲ್ಲ. ಕುಟ್ಟಿ ಡಬ್ಬಿಗೆ ತುಂಬಿದೆ. ಬೆಳಿಗ್ಗೆ ಬಿಸಿ ಹಾಲಿಗೆ ಹಾಕಿಕೊಂಡು ತಿನ್ನಲು ಬಹಳ ಚೆನ್ನಾಗಿತ್ತು.

ಹಂತ 2: ಖರ್ಜೂರ, ಆಮೇಲೆ ಜೇನು

ಒಲೆ ಹಚ್ಚದೆ ಮಾಡುವ ದಾರಿ ಅಂದರೆ ಖರ್ಜೂರ. ಬೀಜ ತೆಗೆದು, ಬಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಹಿಂಡಿ, ಮಿಕ್ಸಿಗೆ ಹಾಕಿದೆ. ಅಂಟು ಚೆನ್ನಾಗಿ ಬರುತ್ತದೆ, ಬಾರ್ ಮೆತ್ತಗೂ ಇರುತ್ತದೆ. ಆದರೆ ಖರ್ಜೂರದಲ್ಲಿರುವ ನೀರನ್ನು ಓಟ್ಸ್ ಮತ್ತು ಮಂಡಕ್ಕಿ ರಾತ್ರಿಯೆಲ್ಲಾ ಎಳೆದುಕೊಳ್ಳುತ್ತವೆ. ಬೆಳಿಗ್ಗೆ ನೋಡಿದರೆ ಎಲ್ಲಾ ಸೇರಿ ಒಂದೇ ಮುದ್ದೆ. ಬಟರ್ ಪೇಪರ್‌ನಿಂದ ಬಿಡಿಸುವುದೇ ಕಷ್ಟವಾಯಿತು. ನೆನೆಸದೆ ಹಾಗೇ ರುಬ್ಬಿದರೆ ಮುದ್ದೆಯಾಗುವುದು ಕಡಿಮೆ. ಆದರೆ ನಮ್ಮ ಮಿಕ್ಸಿ ಅಷ್ಟು ಗಟ್ಟಿಯಾದದ್ದನ್ನು ತಿರುಗಿಸಲು ಒದ್ದಾಡಿತು, ಮೋಟರ್ ಬಿಸಿಯಾದ ವಾಸನೆ ಬಂತು, ನಿಲ್ಲಿಸಿದೆ. ಉಂಡೆ ಕಟ್ಟಿ ಅವತ್ತೇ ತಿನ್ನುವುದಾದರೆ ಖರ್ಜೂರ ಬಹಳ ಒಳ್ಳೆಯದು. ಡಬ್ಬಿಗೆ ಹಾಕಿ ಕಳಿಸುವ ಬಾರ್‌ಗೆ ನಾನು ಹೇಳುವುದಿಲ್ಲ.

ನಮ್ಮ ಮನೆಯಲ್ಲಿ ಜೇನು ಕಾಯಿಸುವ ಪದ್ಧತಿ ಇಲ್ಲ. ಹಸಿ ಜೇನಿಗೆ ಶೇಂಗಾ ಬೆಣ್ಣೆ ಕಲಸಿ ಓಟ್ಸ್‌ಗೆ ಸೇರಿಸಿದೆ. ಫ್ರಿಜ್‌ನಲ್ಲಿ ಇರುವಷ್ಟು ಹೊತ್ತು ಚೆಂದದ ಬಾರ್. ಹೊರಗೆ ತೆಗೆದು ಹತ್ತು ನಿಮಿಷಕ್ಕೆ ಅಂಚು ಸಡಿಲ, ಅರ್ಧ ಗಂಟೆಗೆ ಕೈಯೆಲ್ಲಾ ಅಂಟು. ಶಾಲೆಯ ಚೀಲದಲ್ಲಿ ಎರಡು ಮೂರು ಗಂಟೆ ಇರಬೇಕಾದ ತಿಂಡಿಗೆ ಇದು ಆಗದ ಮಾತು. ಬೆಲೆಯೂ ಜಾಸ್ತಿ. ಜೇನು ಹಾಕುವವರು ಒಂದು ವಿಷಯ ನೆನಪಿಡಿ, ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು.

ಹಂತ 3: ಜೋನಿ ಬೆಲ್ಲ

ಹದ ತಿರುಗಿದ್ದು ಇಲ್ಲಿ. ಮಲೆನಾಡಿನ ಮನೆಗಳಲ್ಲಿ ದೋಸೆಗೆ ಹಚ್ಚಿಕೊಳ್ಳಲು ಜೋನಿ ಬೆಲ್ಲ ಇದ್ದೇ ಇರುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯುತ್ತಾ ಅಚ್ಚಿಗೆ ಬರುವ ಹದಕ್ಕಿಂತ ಮೊದಲೇ ಇಳಿಸಿದ್ದು ಇದು. ಹಾಗಾಗಿ ಗಟ್ಟಿಯಾಗದೆ ಎಳೆ ಎಳೆಯಾಗಿ ಹರಿಯುತ್ತದೆ. ಬೇರೆ ದೇಶದ ಅಳತೆಯಲ್ಲಿ ಸಿರಪ್ ಮಾಡುವ ಕೆಲಸವನ್ನು ಇದು ಮಾಡಬಹುದು ಅನ್ನಿಸಿತು. ಮಾಡಿತು ಕೂಡ.

ಕಾಯಿಸದೆ ಹಾಗೇ ಕಲಸಿದರೆ ಜೇನಿನ ಕಥೆಯೇ. ಹರಿಯುತ್ತದೆ, ನಿಲ್ಲುವುದಿಲ್ಲ. ಸ್ವಲ್ಪ ನೀರಂಶ ಹೋಗಬೇಕು. ಎಷ್ಟು ಅನ್ನುವುದರಲ್ಲೇ ಇಡೀ ಕೆಲಸ ಇದೆ.

ಥರ್ಮಾಮೀಟರ್ ಇಟ್ಟು ನೋಡಿದ್ದು ಹೀಗೆ. 108 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸಿದಾಗ ಬಾರ್ ಹಿಡಿದರೆ ನಡುವೆ ಜೋತು ಬೀಳುತ್ತಿತ್ತು. 118ಕ್ಕೆ ಹೋದಾಗ ಚೆನ್ನಾಗಿ ನಿಂತಿತು, ಆದರೆ ಅಮ್ಮ ಒಂದು ತುಂಡು ಬಾಯಲ್ಲಿಟ್ಟುಕೊಂಡು, ಸ್ವಲ್ಪ ಹೊತ್ತು ನೆನೆಸಿ ಆಮೇಲೆ ಅಗಿದರು. 112ರಲ್ಲಿ ಇಳಿಸಿದ್ದು ಸರಿಯಾಯಿತು. ಬಾರ್ ಬಗ್ಗಿಸಿದರೆ ಮೊದಲು ಸ್ವಲ್ಪ ಬಗ್ಗಿ, ಆಮೇಲೆ ಮುರಿಯುತ್ತದೆ. ಬಗ್ಗದೆ ಟಕ್ ಅಂತ ಮುರಿದರೆ ಪಾಕ ಜಾಸ್ತಿಯಾಗಿದೆ, ಬಗ್ಗಿ ಮುರಿಯದೇ ಇದ್ದರೆ ಕಡಿಮೆಯಾಗಿದೆ.

ಥರ್ಮಾಮೀಟರ್ ಇಲ್ಲದವರಿಗೆ: ತಣ್ಣೀರಿಗೆ ಒಂದು ಹನಿ ಬಿಡಿ. ಕರಗಿ ಹರಡಿದರೆ ಇನ್ನೂ ಕಾಯಬೇಕು. ಬೆರಳಿನಿಂದ ಒಟ್ಟು ಮಾಡಿದರೆ ಉಂಡೆಯಾಗಿ, ನೀರಿನಿಂದ ಎತ್ತಿದ ತಕ್ಷಣ ಬೆರಳ ಮೇಲೆ ಚಪ್ಪಟೆಯಾದರೆ ಅದೇ ಹದ. ಬಟ್ಟಲಿಗೆ ಹಾಕಿದಾಗ ಟಣ್ ಅಂದರೆ ಹದ ದಾಟಿ ಹೋಗಿದೆ. ದಾಟಿದ್ದು ಗೊತ್ತಾದರೆ ಒಂದು ಚಮಚ ಬಿಸಿ ನೀರು ಹಾಕಿ ಮತ್ತೆ ಹದಕ್ಕೆ ತರಬಹುದು. ಓಟ್ಸ್ ಸುರಿದ ಮೇಲೆ ತಿದ್ದಲು ಆಗುವುದಿಲ್ಲ.

ಥರ್ಮಾಮೀಟರ್ ಬಳಸುವಾಗ ಒಂದು ಎಚ್ಚರ. 140 ಗ್ರಾಂ ಬೆಲ್ಲ ಅಗಲ ಬಾಣಲೆಯಲ್ಲಿ ತೆಳ್ಳಗೆ ಹರಡಿರುತ್ತದೆ. ಕಡ್ಡಿಯ ತುದಿ ತಳಕ್ಕೆ ತಾಗಿದರೆ ಬಾಣಲೆಯ ಬಿಸಿ ತೋರಿಸುತ್ತದೆ, ಬೆಲ್ಲದ್ದಲ್ಲ. ಬಾಣಲೆ ಓರೆ ಮಾಡಿ ಪಾಕ ಒಂದು ಕಡೆಗೆ ಬಂದಾಗ, ತುದಿ ಮುಳುಗಿಸಿ, ತಳ ಮುಟ್ಟದೆ ನೋಡಬೇಕು. ಜೋನಿ ಬೆಲ್ಲ ನೊರೆಯೆದ್ದು ಉಕ್ಕುತ್ತದೆ. ಅದಕ್ಕೇ ಬಾಣಲೆ ಅಗಲವಾಗಿರಬೇಕು, ಮಕ್ಕಳು ಹತ್ತಿರ ಇರಬಾರದು. ಬಿಸಿ ಬೆಲ್ಲ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ.

ಅಳತೆ

20 ಸೆಂಟಿಮೀಟರ್ ಚೌಕದ ಟ್ರೇಗೆ, 12 ಬಾರ್ ಬರುವಷ್ಟು.

ಒಣ ಸಾಮಾನು: ಓಟ್ಸ್ 150 ಗ್ರಾಂ, ಮಂಡಕ್ಕಿ 30, ಹುರಿದು ತರಿ ತರಿ ಒಡೆದ ಶೇಂಗಾ 50, ಸಿಹಿಗುಂಬಳದ ಬೀಜ 25, ಎಳ್ಳು 15, ಒಣದ್ರಾಕ್ಷಿ 40. ಒಟ್ಟು 310.

ಅಂಟು: ಜೋನಿ ಬೆಲ್ಲ 140 ಗ್ರಾಂ, ಶೇಂಗಾ ಬೆಣ್ಣೆ 90, ತುಪ್ಪ 15. ಒಟ್ಟು 245. ಜೊತೆಗೆ ಕಾಲು ಚಮಚ ಉಪ್ಪು, ನಾಲ್ಕು ಏಲಕ್ಕಿಯ ಪುಡಿ.

ಒಣ ಸಾಮಾನು 5 ಪಾಲು, ಅಂಟು 4 ಪಾಲು ಅಂತ ನೆನಪಿಟ್ಟರೆ ಸಾಕು. ಈ ಲೆಕ್ಕದೊಳಗೆ ಎಳ್ಳಿನ ಬದಲು ಅಗಸೆ ಬೀಜ, ದ್ರಾಕ್ಷಿಯ ಬದಲು ಸಣ್ಣಗೆ ಹೆಚ್ಚಿದ ಒಣ ಅಂಜೂರ, ಏನು ಬೇಕಾದರೂ ಬದಲಿಸಬಹುದು. ಅಂಟು ಕಡಿಮೆ ಮಾಡಿ ಸಿಹಿ ತಗ್ಗಿಸಲು ಹೋದರೆ ಮಾತ್ರ ಬಾರ್ ನಿಲ್ಲುವುದಿಲ್ಲ. ಒಂದು ಸಲ ಬೆಲ್ಲ 100 ಗ್ರಾಂಗೆ ಇಳಿಸಿ ಮಾಡಿದಾಗ ಟ್ರೇಯಿಂದ ಬಂದದ್ದು ಬರೀ ಪುಡಿ. ಸಿಹಿ ಕಡಿಮೆ ಬೇಕಾದವರು ಬಾರ್‌ನ ಗಾತ್ರವನ್ನೇ ಸಣ್ಣದು ಮಾಡಿ. ಈ ಅಳತೆಯಲ್ಲಿ ಒಂದು ಬಾರ್‌ಗೆ ಸುಮಾರು 12 ಗ್ರಾಂ ಜೋನಿ ಬೆಲ್ಲ ಹೋಗುತ್ತದೆ. ಬೆಲ್ಲವೂ ಬಹುಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲ ಪರವಾಗಿಲ್ಲ ಅಂತ ಕೊಡಬೇಡಿ.

ಹಂತ 4: ಹುರಿಯುವುದು, ಜರಡಿ ಹಿಡಿಯುವುದು

ಓಟ್ಸ್ ಕಾರ್ಖಾನೆಯಲ್ಲೇ ಹಬೆಯಲ್ಲಿ ಬೆಂದು ಚಪ್ಪಟೆಯಾಗಿ ಬರುತ್ತದೆ, ಹಾಗಾಗಿ ಹಸಿಯಾಗಿ ತಿಂದರೂ ತೊಂದರೆಯಿಲ್ಲ. ಆದರೆ ಹುರಿಯದೆ ಹಾಕಿದ ಬಾರ್‌ನಲ್ಲಿ ಹಿಟ್ಟು ಹಿಟ್ಟು ವಾಸನೆ ಉಳಿಯಿತು. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ, ಕೈಯಾಡಿಸುತ್ತಲೇ ಇರಬೇಕು. ಬಣ್ಣ ಜಾಸ್ತಿ ಬದಲಾಗುವುದಿಲ್ಲ, ಘಮ ಬರುತ್ತದೆ. ಬೆರಳಲ್ಲಿ ಹಿಸುಕಿದರೆ ಗರಿ ಅನ್ನಬೇಕು. ತಕ್ಷಣ ಬೇಯುವ ತೆಳು ಓಟ್ಸ್ (ಇನ್‌ಸ್ಟಂಟ್) ಬೇಡ, ಅದು ಪುಡಿಯಾಗುತ್ತದೆ. ಇಡೀ ಇಡೀ ಎಸಳು ಕಾಣುವ ರೋಲ್ಡ್ ಓಟ್ಸ್ ತನ್ನಿ.

ಹುರಿದ ಮೇಲೆ ಜರಡಿ ಹಿಡಿಯುವುದನ್ನು ನಾನು ಯಾವ ವಿಧಾನದಲ್ಲೂ ನೋಡಿರಲಿಲ್ಲ. ಇದರಿಂದ ಆದ ವ್ಯತ್ಯಾಸ ದೊಡ್ಡದು. ಓಟ್ಸ್ ಪ್ಯಾಕೆಟ್ಟಿನ ತಳದಲ್ಲಿ ಪುಡಿ ಇರುತ್ತದೆ, ಶೇಂಗಾ ಒಡೆದಾಗಲೂ ಪುಡಿ ಬರುತ್ತದೆ. ಆ ಪುಡಿ ಪಾಕವನ್ನೆಲ್ಲಾ ಕುಡಿದುಬಿಡುತ್ತದೆ, ದೊಡ್ಡ ಎಸಳುಗಳಿಗೆ ಅಂಟು ಸಾಲುವುದಿಲ್ಲ. ಅದೇ ಅಳತೆ, ಅದೇ ಪಾಕ, ಜರಡಿ ಹಿಡಿದದ್ದು ಹಿಡಿಯದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹಿಡಿಯದ್ದು ಒಣಗಿದ ಹಾಗಿತ್ತು. ಉಳಿದ ಪುಡಿಯನ್ನು ರೊಟ್ಟಿ ಹಿಟ್ಟಿಗೆ ಸೇರಿಸಿ. ತೂಕ ಮಾಡುವುದು ಜರಡಿ ಹಿಡಿದ ಮೇಲೆ, ಇದು ಮುಖ್ಯ.

ಶೇಂಗಾ ಸಿಪ್ಪೆ ಪೂರ್ತಿ ಹೋಗಬೇಕು. ಹುರಿದು, ಆರಿಸಿ, ತಿಕ್ಕಿ, ಮೊರದಲ್ಲಿ ಕೇರಿ. ಸಿಪ್ಪೆ ಉಳಿದರೆ ಸ್ವಲ್ಪ ಒಗರು. ಅಮ್ಮನಿಗಾದರೆ ಸಿಪ್ಪೆ ಹಲ್ಲಿನ ಸೆಟ್ಟಿನ ಕೆಳಗೆ ಸೇರಿಕೊಂಡು ಕಿರಿಕಿರಿ ಮಾಡುತ್ತದೆ. ಅದೇ ಕಾರಣಕ್ಕೆ ಎಳ್ಳನ್ನೂ ಅರ್ಧ ಕುಟ್ಟಿ ಹಾಕುತ್ತೇನೆ.

ಮಂಡಕ್ಕಿ ಮಳೆಗಾಲದಲ್ಲಿ ಮೆತ್ತಗಾಗಿರುತ್ತದೆ. ಎರಡು ನಿಮಿಷ ಬೆಚ್ಚಗೆ ಮಾಡಿ ಗರಿಗರಿ ಮಾಡಿಕೊಳ್ಳಿ.

ಶೇಂಗಾ ಬೆಣ್ಣೆ ಮನೆಯಲ್ಲೇ ಆಗುತ್ತದೆ. ಹುರಿದ ಶೇಂಗಾ ಇನ್ನೂ ಬೆಚ್ಚಗಿರುವಾಗ ಚಟ್ನಿ ಜಾರ್‌ಗೆ 200 ಗ್ರಾಂ ಹಾಕಿ. 90 ಗ್ರಾಂ ಮಾತ್ರ ಹಾಕಿದರೆ ಬ್ಲೇಡಿಗೆ ಸಿಗದೆ ಗೋಡೆಗೆ ಅಂಟುತ್ತದೆ. ಅರ್ಧ ನಿಮಿಷ ತಿರುಗಿಸಿ, ನಿಲ್ಲಿಸಿ, ಅಂಚಿನಿಂದ ಕೆಳಗೆ ತಳ್ಳಿ, ಮತ್ತೆ ತಿರುಗಿಸಿ. ಮೊದಲು ಪುಡಿ, ಆಮೇಲೆ ಉಂಡೆ ಉಂಡೆ, ಆಮೇಲೆ ಎಣ್ಣೆ ಬಿಟ್ಟು ಹರಿಯತೊಡಗುತ್ತದೆ. ಉಂಡೆ ಉಂಡೆಯಾದಾಗ ಇದು ಆಗುವುದೇ ಇಲ್ಲ ಅನ್ನಿಸುತ್ತದೆ. ತಾಳ್ಮೆ ಬೇಕು. ನೀರು ಮಾತ್ರ ಹಾಕಬೇಡಿ. ಉಳಿದದ್ದು ಚಪಾತಿಗೆ ಆಗುತ್ತದೆ.

ಹಂತ 5: ಕಲಸುವುದು

ಮೊದಲೇ ಟ್ರೇಗೆ ಬಟರ್ ಪೇಪರ್ ಹಾಸಿಡಿ, ಎರಡು ಕಡೆ ಉದ್ದಕ್ಕೆ ಹೊರಗೆ ಬಿಡಿ. ಎತ್ತಲು ಅದೇ ಹಿಡಿ. ಪಾಕ ಇಳಿಸಿದ ಮೇಲೆ ಇದಕ್ಕೆಲ್ಲಾ ಸಮಯ ಇರುವುದಿಲ್ಲ.

ಜೋನಿ ಬೆಲ್ಲ, ತುಪ್ಪ ಸಣ್ಣ ಉರಿಯಲ್ಲಿ. ನೊರೆ ಬಂದಮೇಲೆ ನಮ್ಮ ಒಲೆಯಲ್ಲಿ ಮೂರು ನಾಲ್ಕು ನಿಮಿಷಕ್ಕೆ ಹದ ಬರುತ್ತದೆ. ನಿಮ್ಮ ಬೆಲ್ಲ ತೆಳ್ಳಗಿದ್ದರೆ ಜಾಸ್ತಿ ಹೊತ್ತು ಬೇಕು, ಗಡಿಯಾರ ನಂಬಬೇಡಿ, ನೀರಿನ ಬಟ್ಟಲು ನಂಬಿ. ಡಬ್ಬದ ತಳದ ಜೋನಿ ಬೆಲ್ಲದಲ್ಲಿ ಹರಳು ಕಟ್ಟಿರುತ್ತದೆ. ಅದನ್ನು ಹಾಕಿದರೆ ಒಂದು ಚಮಚ ನೀರು ಸೇರಿಸಿ ಪೂರ್ತಿ ಕರಗಿದ ಮೇಲೆಯೇ ಕಾಯಿಸಿ.

ಒಲೆ ಆರಿಸಿ ಶೇಂಗಾ ಬೆಣ್ಣೆ, ಉಪ್ಪು, ಏಲಕ್ಕಿ ಸೇರಿಸಿ ತಿರುವಿ. ಒಲೆಯ ಮೇಲಿರುವಾಗಲೇ ಹಾಕಿದರೆ ಎಣ್ಣೆ ಬಿಟ್ಟುಕೊಂಡು ಮಿಶ್ರಣ ಒಡೆಯುತ್ತದೆ. ಓಟ್ಸ್, ಬೀಜ, ಶೇಂಗಾ, ದ್ರಾಕ್ಷಿ ಮೊದಲು. ಮಂಡಕ್ಕಿ ಕೊನೆಗೆ, ಒಂದೆರಡು ನಿಮಿಷ ಬಿಟ್ಟು. ಕುದಿಯುವ ಪಾಕಕ್ಕೆ ನೇರವಾಗಿ ಸುರಿದಾಗ ಮಂಡಕ್ಕಿ ಮುದುಡಿ ಸಣ್ಣಗಾಯಿತು, ಗರಿ ಹೋಯಿತು.

ತುಪ್ಪದ ಬದಲು ತೆಂಗಿನೆಣ್ಣೆಯಲ್ಲೂ ಮಾಡಿದ್ದೇನೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ. ಫ್ರಿಜ್‌ನಲ್ಲಿ ಬಾರ್ ಗಟ್ಟಿ, ಏಪ್ರಿಲ್ ಬಿಸಿಲಿಗೆ ಹೊರಗೆ ಸಡಿಲ. ತುಪ್ಪವೇ ವಾಸಿ.

ಹಂತ 6: ಒತ್ತುವುದು, ಕತ್ತರಿಸುವುದು

ಬಾರ್ ಉದುರಲು ಪಾಕ ಎಷ್ಟು ಕಾರಣವೋ ಒತ್ತದಿರುವುದೂ ಅಷ್ಟೇ ಕಾರಣ. ಸಟ್ಟುಗದಿಂದ ಸುಮ್ನೆ ತಟ್ಟಿ ಸಮ ಮಾಡಿದ್ದು ಕತ್ತರಿಸುವಾಗ ಪದರ ಪದರ ಬಿಟ್ಟುಕೊಂಡಿತು. ಮೇಲೆ ಇನ್ನೊಂದು ಬಟರ್ ಪೇಪರ್ ಹಾಕಿ, ಚಪ್ಪಟೆ ತಳದ ಡಬ್ಬಿಯಿಂದ ಮೈಭಾರ ಬಿಟ್ಟು ಒತ್ತಬೇಕು. ಮೂಲೆಗಳಿಂದ ಶುರು ಮಾಡಿ, ಆಮೇಲೆ ನಡುವೆ. ಎರಡು ಮೂರು ನಿಮಿಷ ಬಿಟ್ಟು ಇನ್ನೊಮ್ಮೆ. ದಪ್ಪ ಎಲ್ಲಾ ಕಡೆ ಸುಮಾರು 2 ಸೆಂಟಿಮೀಟರ್ ಬರುತ್ತದೆ. ನಾನು ಈಗ ಅದರ ಮೇಲೆ ಅಕ್ಕಿ ತುಂಬಿದ ಡಬ್ಬಿಯನ್ನು ಅರ್ಧ ಗಂಟೆ ಇಡುತ್ತೇನೆ. ಹಾಗಂತ ಬಿಸಿ ಬಿಸಿ ಇರುವಾಗಲೇ ಭಾರ ಹೇರಿದರೆ ಮಂಡಕ್ಕಿ ಅಪ್ಪಚ್ಚಿ. ಕೈ ಇಡುವಷ್ಟು ಬಿಸಿ ಇಳಿದಿರಬೇಕು.

ಆಮೇಲೆ ಫ್ರಿಜ್‌ನಲ್ಲಿ ಒಂದು ಗಂಟೆ. ಪೇಪರ್ ಹಿಡಿದು ಇಡೀ ಹಲಗೆ ಎತ್ತಿ, ಮಣೆಯ ಮೇಲಿಟ್ಟು, ದೊಡ್ಡ ಚಾಕುವಿನಿಂದ ಮೇಲಿಂದ ಕೆಳಗೆ ಒಂದೇ ಸಲ ಒತ್ತಿ ಕತ್ತರಿಸಬೇಕು. ಗರಗಸದ ಹಾಗೆ ಹಿಂದೆ ಮುಂದೆ ಎಳೆದರೆ ಅಂಚು ಉದುರುತ್ತದೆ. ಮಧ್ಯಕ್ಕೆ ಒಂದು ಗೆರೆ, ಅಡ್ಡಕ್ಕೆ ಆರು ಭಾಗ. ಒಂದೊಂದು ಬಾರ್ 10 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಗಲ, ತೂಕ 45 ಗ್ರಾಂ ಹತ್ತಿರ. ಅಮ್ಮನಿಗೆ ಅದನ್ನೇ ಮತ್ತೆ ಅರ್ಧ ಮಾಡಿಡುತ್ತೇನೆ.

ಮಗಳು ಚಾಕೊಲೇಟ್ ಬೇಕು ಅಂದಳು. ಕಲಸುವಾಗ ಹಾಕಿದ ಚೂರುಗಳು ಕರಗಿ ಎಲ್ಲಾ ಕಂದು ಬಣ್ಣವಾಯಿತು. ಒತ್ತಿ ತಣ್ಣಗಾದ ಮೇಲೆ ಮೇಲಷ್ಟೇ ಉದುರಿಸಿ ಒತ್ತಿದರೆ ನಿಲ್ಲುತ್ತದೆ.

ಖರ್ಚು

ನಮ್ಮೂರಿನ ಅಂಗಡಿಯಲ್ಲಿ ನಾನು ಕೊಟ್ಟ ಬೆಲೆಗೆ, ಬಳಸಿದಷ್ಟಕ್ಕೆ ಮಾತ್ರ ಲೆಕ್ಕ: ಓಟ್ಸ್ 30 ರೂಪಾಯಿ, ಮಂಡಕ್ಕಿ 4, ಬೆಣ್ಣೆಯೂ ಸೇರಿ ಶೇಂಗಾ 22, ಸಿಹಿಗುಂಬಳದ ಬೀಜ 18, ಎಳ್ಳು 4, ಒಣದ್ರಾಕ್ಷಿ 16, ಜೋನಿ ಬೆಲ್ಲ 17, ತುಪ್ಪ 10, ಏಲಕ್ಕಿ, ಉಪ್ಪು, ಪೇಪರ್ 5. ಒಟ್ಟು 126. ಒಂದು ಬಾರ್‌ಗೆ ಹತ್ತೂವರೆ ರೂಪಾಯಿ, ಗ್ಯಾಸ್ ಬಿಟ್ಟು. ಸಿಹಿಗುಂಬಳದ ಬೀಜ ತೆಗೆದು ಅಷ್ಟೇ ತೂಕದ ಹುರಿಗಡಲೆ ಹಾಕಿದರೆ ಇನ್ನೂ ಇಳಿಯುತ್ತದೆ, ರುಚಿಯೂ ಚೆನ್ನಾಗಿರುತ್ತದೆ. ಆದರೆ ಹುರಿಗಡಲೆ ಒಡೆದು ಹಾಕಿ, ಇಡಿಯಾಗಿದ್ದರೆ ಹಲ್ಲಿಗೆ ಗಟ್ಟಿ.

ಇಡುವುದು

ಒಂದೊಂದನ್ನೂ ಬಟರ್ ಪೇಪರ್‌ನಲ್ಲಿ ಸುತ್ತಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ, ಬೇಸಿಗೆಯಲ್ಲಿ ಹೊರಗೆ ಐದಾರು ದಿನ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವ ಎಳೆದುಕೊಂಡು ಎರಡನೇ ದಿನಕ್ಕೇ ಮೈ ಒದ್ದೆ ಒದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ರಿಜ್ಜೇ ಗತಿ. ಅಲ್ಲಿಂದ ತೆಗೆದು ಕಾಲು ಗಂಟೆ ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಫ್ರಿಜ್‌ನಲ್ಲಿ ಎರಡು ವಾರ ದಾಟಿಸಿಲ್ಲ, ಅಷ್ಟರಲ್ಲಿ ಖಾಲಿಯಾಗುತ್ತದೆ. ಶೇಂಗಾ ಮುಗ್ಗಲು ವಾಸನೆ ಬಂದರೆ ತಿನ್ನಬೇಡಿ.

ಶಾಲೆಗೆ ಕಳಿಸುವವರು ಗಮನಿಸಿ: ಶೇಂಗಾ ಅಲರ್ಜಿ ಇರುವ ಮಕ್ಕಳ ಜೊತೆ ಹಂಚಿಕೊಳ್ಳಬಾರದು ಅಂತ ಮಗುವಿಗೆ ಹೇಳಿ ಕಳಿಸಿ. ತೀರಾ ಚಿಕ್ಕ ಮಕ್ಕಳಿಗೆ ಶೇಂಗಾ ಚೂರು ಗಂಟಲಿಗೆ ಸಿಕ್ಕಿಕೊಳ್ಳಬಹುದು, ಕೊಡಬೇಡಿ.

ಇನ್ನೂ ಬಗೆಹರಿಯದ್ದು

ಮೂರನೇ ದಿನದ ಹೊತ್ತಿಗೆ ಮಂಡಕ್ಕಿಯ ಗರಿ ಹೋಗುತ್ತದೆ. ಬಾರ್ ಮೆತ್ತಗೇ ಇರುತ್ತದೆ, ಆದರೆ ಕಚ್ಚಿದಾಗ ನಡುನಡುವೆ ಸಿಗುವ ಆ ಸಣ್ಣ ಕರಂ ಸದ್ದು ಇರುವುದಿಲ್ಲ. ತುಪ್ಪದಲ್ಲಿ ಹುರಿದು ಹಾಕಿದೆ, ಸ್ವಲ್ಪ ಉತ್ತಮ, ಪೂರ್ತಿ ಅಲ್ಲ. ಉತ್ತರ ಕರ್ನಾಟಕದ ಕಡೆ ನಾಗರ ಪಂಚಮಿಗೆ ಮಾಡುವ ಜೋಳದ ಅರಳು ಮಂಡಕ್ಕಿಗಿಂತ ಗಟ್ಟಿ ಇರುತ್ತದೆ, ಅದನ್ನು 30 ಗ್ರಾಂ ಹಾಕಿ ನೋಡುವುದು ಮುಂದಿನ ಕೆಲಸ. ಅರಳಿನಲ್ಲಿ ಸಿಡಿಯದೆ ಉಳಿದ ಕಾಳು ಒಂದೂ ಇರದ ಹಾಗೆ ಮೊದಲು ಜರಡಿ ಹಿಡಿಯಬೇಕು, ಅಮ್ಮನ ಹಲ್ಲಿನ ಸೆಟ್ಟಿಗೆ ಅಂಥ ಒಂದು ಕಾಳು ಸಿಕ್ಕರೂ ಸಾಕು. ಧಾರವಾಡದ ಕಡೆಯವರು ಯಾರಾದರೂ ಅರಳು ಹಾಕಿ ಬೆಲ್ಲದ ಉಂಡೆ ಕಟ್ಟಿದ್ದರೆ, ಎಷ್ಟು ದಿನ ಗರಿ ಉಳಿಯುತ್ತದೆ, ಪಾಕ ಯಾವ ಹದದಲ್ಲಿ ಇಳಿಸುತ್ತೀರಿ ಅಂತ ತಿಳಿಸಿ.